ಗಂಜಿ ಹಾಕಿದ ಜಡೆ

ನಮ್ಮ ಕಡೆ ಒಬ್ಬರ ಸಂಬಳ ಕೇಳಬೇಕಾದರೆ ಎಂಥವರೂ ಒಂದು ಗಳಿಗೆ ತಡವರಿಸುತ್ತಾರೆ. ಜಡೆ ಹಿಡಿದು ದಪ್ಪ ನೋಡುವುದಕ್ಕೆ ಮಾತ್ರ ಯಾರ ಅಪ್ಪಣೆಯೂ ಬೇಕಿಲ್ಲ. ಮದುವೆ ಛತ್ರದಲ್ಲಿ ಎರಡನೇ ಪಂಕ್ತಿಗೆ ಕಾಯುತ್ತಾ ನಿಂತಿದ್ದರೆ ಹಿಂದಿನಿಂದ ಒಂದು ಕೈ ಬಂದು, ಹೆಬ್ಬೆರಳು ತೋರುಬೆರಳಿನ ನಡುವೆ ಜಡೆಯನ್ನು ಹಿಡಿದು, ಮೇಲಿಂದ ಕೆಳಗಿನವರೆಗೆ ಜಾರಿಸಿ, “ಏನೇ ಇದು, ಇಲಿಬಾಲ ಆಗ್ಹೋಗಿದೆಯಲ್ಲೇ! ಹೆಂಗಿತ್ತು ನಿನ್ನ ಕೂದಲು!” ಎನ್ನುತ್ತದೆ. ಹೆಂಗಿತ್ತು ಎಂದರೆ ಹಿಂಗೇ ಇತ್ತು. ನನ್ನದು ಹುಟ್ಟಾ ಇಲಿಬಾಲ. ನೆಂಟರ ನೆನಪಿನಲ್ಲಿ ಮಾತ್ರ ಎಲ್ಲ ಹೆಣ್ಣುಮಕ್ಕಳಿಗೂ ಹಿಂದೊಮ್ಮೆ ಮಂಡಿ ಮುಟ್ಟುವ, ಹಿಡಿಗೆ ಸಿಗದ ಜಡೆ ಇದ್ದೇ ಇರುತ್ತದೆ.

ಅಮ್ಮ ಇಂಥ ಹೊತ್ತಿನಲ್ಲಿ ನನ್ನ ಪರ ವಕಾಲತ್ತು ವಹಿಸಿ, “ಬೆಂಗಳೂರಿನ ಬೋರ್‌ವೆಲ್ ನೀರು ಕಣ್ರೀ” ಎನ್ನುತ್ತಾಳೆ. ಸಭೆಯಲ್ಲಿ ಅದು ಒಪ್ಪಿತವಾದ ಉತ್ತರ. ಮನೆಗೆ ಬಂದ ಮೇಲೆ ಬೇರೆ ಉತ್ತರ: “ಎಲ್ಲ ನಿಮ್ಮಪ್ಪನ ಮನೆ ಕಡೆಯ ಕೂದಲು.” ಎರಡರಲ್ಲಿ ವಿಜ್ಞಾನ ಇರುವುದು ಎರಡನೆಯದರಲ್ಲೇ. ಬೋರ್‌ವೆಲ್ ನೀರಿನ ಸುಣ್ಣದ ಅಂಶ ಕೂದಲಿಗೆ ಮೆತ್ತಿಕೊಂಡು ಅದನ್ನು ಒರಟಾಗಿಸುತ್ತದೆ, ಹೊಳಪು ಕೆಡಿಸುತ್ತದೆ, ನಿಜ. ಆದರೆ ಕೂದಲಿನ ಎಳೆ ಎಷ್ಟು ದಪ್ಪ ಎಂಬುದು ಮುಖ್ಯವಾಗಿ ಹೆತ್ತವರಿಂದ ಬರುವ ಆಸ್ತಿ. ಅಪ್ಪನ ಕಡೆಯಿಂದ ನಮಗೆ ಬಂದ ಆಸ್ತಿಯಲ್ಲಿ ತಕರಾರಿಲ್ಲದೆ ಪೂರ್ತಿ ಕೈಗೆ ಸಿಕ್ಕಿದ್ದು ಇದೊಂದೇ.

ಈ ವಿಷಯದಲ್ಲಿ ಒಂದು ಲೆಕ್ಕ ಯಾರೂ ಹೇಳಿಕೊಡುವುದಿಲ್ಲ. ಮನುಷ್ಯನ ತಲೆಯಲ್ಲಿ ಸುಮಾರು 1 ಲಕ್ಷ ಕೂದಲಿರುತ್ತದೆ. ದಿನಕ್ಕೆ 50ರಿಂದ 100 ಉದುರುವುದು ಆರೋಗ್ಯದ ಲಕ್ಷಣವೇ. ತಿಂಗಳಿಗೆ ಬೆಳೆಯುವುದು ಸುಮಾರು 1 ಸೆಂಟಿಮೀಟರ್. ಕೂದಲು ಹುಟ್ಟುವ ಗುಳಿಗಳ ಸಂಖ್ಯೆ ತಾಯಿಯ ಹೊಟ್ಟೆಯಲ್ಲೇ ತೀರ್ಮಾನವಾಗಿಬಿಡುತ್ತದೆ. ಆಮೇಲೆ ಯಾವ ಎಣ್ಣೆ ಸುರಿದರೂ ಹೊಸ ಗುಳಿ ತೋಡಲು ಆಗುವುದಿಲ್ಲ. ನನ್ನಂಥವರ ತಲೆಯಲ್ಲಿ ಕೂದಲು ಕಡಿಮೆ ಇದೆಯೆಂದೇನೂ ಅಲ್ಲ, ಎಳೆ ಸಣ್ಣ, ಅಷ್ಟೇ. ಸಣ್ಣ ಎಳೆಗೆ ಕಸುವು ಸಾಲದು. ನೆತ್ತಿಯಲ್ಲಿ ಊರಿದ ಜಿಡ್ಡು ಬೇಗ ಹರಡಿ, ಬೆಳಿಗ್ಗೆ ಸ್ನಾನ ಮಾಡಿ ಹೊರಟ ತಲೆ ಸಂಜೆ ಆಫೀಸು ಬಿಡುವ ಹೊತ್ತಿಗೆ ಬುರುಡೆಗೆ ಅಂಟಿ ಕೂತಿರುತ್ತದೆ. ಬೈತಲೆ ನಡುವೆ ರಸ್ತೆ ಅಗಲೀಕರಣ ಆದಂತೆ ಕಾಣುತ್ತದೆ.

ಔಷಧಿಗಳಿಗೆ ಬರಗಾಲವಿಲ್ಲ. ಈರುಳ್ಳಿ ರಸದಿಂದಲೇ ಶುರುಮಾಡೋಣ, ಅದರ ವಾಸನೆ ಎಲ್ಲರಿಗಿಂತ ಮೊದಲು ಬಂದು ಕೂರುವುದರಿಂದ. ಇದಕ್ಕೆ ಆಧಾರವೇ ಇಲ್ಲ ಎನ್ನುವಂತಿಲ್ಲ. ಇರಾಕಿನ ವೈದ್ಯರು 2002ರಲ್ಲಿ ಒಂದು ಸಣ್ಣ ಪರೀಕ್ಷೆಯ ಫಲಿತಾಂಶ ಪ್ರಕಟಿಸಿದ್ದರು. ಆದರೆ ಅದು ತಲೆಯಲ್ಲಿ ನಾಣ್ಯದಗಲ ಅಲ್ಲಲ್ಲಿ ಬೋಳಾಗುತ್ತದಲ್ಲ, ಆ ಕಾಯಿಲೆಯವರಿಗೆ, ಅದೂ ಕೆಲವೇ ಮಂದಿಗೆ ಮಾಡಿದ್ದು. ಸಪೂರ ಕೂದಲನ್ನು ದಪ್ಪ ಮಾಡುತ್ತದೆಂದು ಅವರು ಹೇಳಿರಲಿಲ್ಲ. ಅದನ್ನು ಹೇಳಿದವರು ನಮ್ಮ ಅಪಾರ್ಟ್‌ಮೆಂಟಿನ ಎರಡನೇ ಮಹಡಿಯವರು. ಅವರ ಜೊತೆ ಲಿಫ್ಟಿನಲ್ಲಿ ಇಳಿದರೆ ಈಗಲೂ ಸಾಂಬಾರಿನ ನೆನಪಾಗಿ ಹಸಿವಾಗುತ್ತದೆ.

ಮೊಟ್ಟೆಯ ಕಥೆ ಇನ್ನೊಂದು. ಕೂದಲು ಆಗಿರುವುದೇ ಪ್ರೋಟೀನಿನಿಂದ, ಮೊಟ್ಟೆಯಲ್ಲಿರುವುದೂ ಪ್ರೋಟೀನು, ಆದ್ದರಿಂದ ಹಚ್ಚಿ ಎನ್ನುತ್ತಾರೆ. ಮೊಟ್ಟೆಯ ಪ್ರೋಟೀನಿನ ಅಣು ಗಾತ್ರದಲ್ಲಿ ದೊಡ್ಡದು, ಕೂದಲೊಳಗೆ ನುಗ್ಗುವುದಿಲ್ಲ; ಮೇಲೆ ಸ್ವಲ್ಪ ಹೊತ್ತು ಲೇಪವಾಗಿ ನಿಂತು ಇಳಿದುಹೋಗುತ್ತದೆ. ತೊಳೆಯುವಾಗ ಮರೆತು ಬಿಸಿನೀರು ಹುಯ್ದುಕೊಂಡರೆ ಬಚ್ಚಲಲ್ಲೇ ಬುರ್ಜಿ. ನೆನೆಸಿ ರುಬ್ಬಿದ ಮೆಂತ್ಯ, ಕಿವುಚಿದ ದಾಸವಾಳದ ಎಲೆ ಇವುಗಳ ಲೋಳೆಯೂ ಹೊರಗಿನ ಲೇಪವೇ. ಆದರೆ ಇವು ಎಳೆಗೆ ತೆಳ್ಳಗೆ ಹತ್ತಿಕೊಂಡು ಒಂದೆರಡು ದಿನ ತುಂಬಿದಂತೆ ತೋರಿಸುತ್ತವೆ. ಗೋರಂಟಿ ಇನ್ನೂ ವಾಸಿ. ಅದರ ಬಣ್ಣ ಕೂದಲಿನ ಪ್ರೋಟೀನಿಗೇ ಹತ್ತಿಕೊಳ್ಳುವುದರಿಂದ ವಾರಗಟ್ಟಲೆ ನಿಲ್ಲುತ್ತದೆ. ತಲೆ ಕೆಂಪಾಗುವುದಕ್ಕೆ ಮಾತ್ರ ತಯಾರಿರಬೇಕು.

ಎಣ್ಣೆಯ ಬಗ್ಗೆ ಹುಷಾರಾಗಿ ಬರೆಯಬೇಕು. ಕನ್ನಡನಾಡಿನಲ್ಲಿ ದೇವರಿಲ್ಲ ಎಂದವರನ್ನು ಕ್ಷಮಿಸುತ್ತಾರೆ, ತಲೆಗೆ ಎಣ್ಣೆ ಬೇಡ ಎಂದವರನ್ನು ಇಲ್ಲ. ಕೊಬ್ಬರಿ ಎಣ್ಣೆ ಕೂದಲಿನ ಒಳಕ್ಕೆ ಇಳಿಯುತ್ತದೆ, ತೊಳೆಯುವಾಗ ಬಾಚುವಾಗ ಆಗುವ ಸವಕಳಿ ತಗ್ಗಿಸುತ್ತದೆ ಎಂದು 2003ರಲ್ಲಿ ಮುಂಬೈನ ಸಂಶೋಧಕರು ಸೂರ್ಯಕಾಂತಿ ಎಣ್ಣೆಯನ್ನೂ ಖನಿಜ ತೈಲವನ್ನೂ ಪಕ್ಕದಲ್ಲಿಟ್ಟು ತೋರಿಸಿದರು. (ಸಂಶೋಧಕರು ಇದ್ದದ್ದು ಕೊಬ್ಬರಿ ಎಣ್ಣೆ ಮಾರುವ ಕಂಪನಿಯಲ್ಲೇ ಎಂಬುದನ್ನೂ ಹೇಳಿಬಿಡುವುದು ಒಳ್ಳೆಯದು.) ಸಪೂರ ಕೂದಲಿಗೆ ಎಣ್ಣೆ ಬೇಕು, ಸ್ನಾನಕ್ಕೆ ಮೊದಲು. ಸ್ನಾನದ ನಂತರ “ಒಂಚೂರು ನೆತ್ತಿಗೆ ತಟ್ಟಿಕೋ, ತಂಪು” ಎಂದು ತಟ್ಟಿದ ಆ ಒಂಚೂರು ಇದೆಯಲ್ಲ, ಅದೇ ವೈರಿ. ಅಷ್ಟು ಹೊತ್ತು ಮಾಡಿದ ಕೆಲಸವೆಲ್ಲ ಆ ಒಂದು ತಟ್ಟಿಗೆ ಮಲಗಿಬಿಡುತ್ತದೆ.

ಚೌಲದ ದಿನ ಮಗುವಿನ ತಲೆ ಬೋಳಿಸಿದರೆ ದಟ್ಟವಾಗಿ ಬರುತ್ತದೆಂಬ ನಂಬಿಕೆಯೂ ನಿಲ್ಲುವುದಿಲ್ಲ. ಕತ್ತರಿಸಿದ ಕೂದಲಿನ ತುದಿ ಮೊಂಡು, ಕೈಗೆ ಚುಚ್ಚುತ್ತದೆ, ದಪ್ಪ ಬಂತೆಂದು ಅಜ್ಜಿಗೆ ಸಂತೋಷ. ಎಳೆ ಬೆಳೆದ ಮೇಲೆ ಮತ್ತೆ ಅಪ್ಪನ ಮನೆಯದೇ.

ಇಷ್ಟೆಲ್ಲ ತರ್ಕದ ನಡುವೆ ನನಗೆ ಪೂರ್ತಿ ನಂಬಿಕೆ ಇರುವುದು ಮೈಸೂರಿನ ನನ್ನ ಸೋದರತ್ತೆಯ ಮೇಲೆ. ಕೂದಲು ನನ್ನದೇ ಜಾತಿಯದು, ಒಂದೇ ಖಜಾನೆಯಿಂದ ಬಂದದ್ದು. ಆದರೆ ಅತ್ತೆಯ ಜಡೆಯನ್ನು ಇಲಿಬಾಲ ಎಂದವರನ್ನು ನಾನು ಕೇಳಿಲ್ಲ. ಕೂದಲು ಬೆಳೆಸುವ ಯೋಚನೆಯನ್ನೇ ಆಕೆ ಮಾಡಲಿಲ್ಲ. ಇದ್ದದ್ದನ್ನು ಎದ್ದು ನಿಲ್ಲಿಸುವುದು ಹೇಗೆ ಎಂಬುದಷ್ಟೇ ಆಕೆಯ ವಿದ್ಯೆ.

ಗ್ರಂಧಿಗೆ ಅಂಗಡಿಯಿಂದ ಸೀಗೆಪುಡಿ, ಚಿಗರೆಪುಡಿ ತರಿಸುತ್ತಿದ್ದಳು. ಎಣ್ಣೆ ನೀರಿನ ದಿನ ಅನ್ನ ಬಸಿದ ಗಂಜಿಯನ್ನು ಅಗಲ ಬಾಯಿಯ ಬೋಸಿಯಲ್ಲಿ ಎತ್ತಿಟ್ಟು, ಬೆರಳು ಅದ್ದಿದರೆ ತಡೆಯುವಷ್ಟು ಆರಿದ ಮೇಲೆ ಪುಡಿ ಉದುರಿಸಿ ಗಂಟಿಲ್ಲದಂತೆ ಕಲಸುವುದು. ಹಂಡೆಯ ನೀರು, ಹಿತ್ತಾಳೆ ತಂಬಿಗೆ, ಹೊಗೆಯ ಬಚ್ಚಲು. ಸೀಗೆಯ ಒಂದು ಕಣ ಕಣ್ಣಿಗೆ ಬಿದ್ದರೂ ಕಿರುಚಾಟ ಬೀದಿಗೆ ಕೇಳುತ್ತಿತ್ತು. ಸೀಗೆಗೆ ಶಾಂಪೂವಿನ ನುಣುಪು ಗೊತ್ತಿಲ್ಲ. ಜಿಡ್ಡು ತೆಗೆದು ಎಳೆಯನ್ನು ತುಸು ತರಿತರಿಯಾಗಿ ಬಿಡುತ್ತದೆ. ತರಿಯಾದ ಎಳೆಗಳು ಒಂದಕ್ಕೊಂದು ಜಾರಿ ಅಂಟುವುದಿಲ್ಲ, ಬಿಡಿಬಿಡಿಯಾಗಿ ನಿಲ್ಲುತ್ತವೆ. ಅದರ ಮೇಲೆ ಗಂಜಿಯ ಪಿಷ್ಟ. ನೀರು ಕಂಡು ಮೆತ್ತಗಾದ ಕಾಟನ್ ಸೀರೆ ಗಂಜಿ ಹಾಕಿದ ಮೇಲೆ ನೆರಿಗೆ ಹಿಡಿದು ನಿಲ್ಲುತ್ತದಲ್ಲ, ಅತ್ತೆಯ ತಲೆಯಲ್ಲೂ ನಡೆಯುತ್ತಿದ್ದದ್ದು ಅದೇ. ಮನೆಗೆ ಕುಕ್ಕರ್ ಬಂತು, ಗಂಜಿ ಬಸಿಯುವುದು ನಿಂತಿತು. ಸೀರೆಯೂ ಜೋತುಬಿತ್ತು, ಜಡೆಯೂ ಜೋತುಬಿತ್ತು. ಕುಕ್ಕರಿನ ಮೇಲೆ ಈ ಆರೋಪವನ್ನು ಇದುವರೆಗೆ ಯಾರೂ ಹೊರಿಸಿಲ್ಲವಾದ್ದರಿಂದ ನಾನು ಹೊರಿಸುತ್ತಿದ್ದೇನೆ.

ಒಣಗಿಸುವುದೂ ಒಂದು ಕೆಲಸವೇ. ತಲೆ ಮುಂದಕ್ಕೆ ಬಗ್ಗಿಸಿ, ಪಾಣಿಪಂಚೆಯಿಂದ ಕೂದಲನ್ನು ಪಟಪಟ ಬಡಿದು, ಕೆಂಡದ ಮೇಲೆ ಸಾಂಬ್ರಾಣಿ ಹಾಕಿ, ಬಿದಿರ ಬುಟ್ಟಿ ಕವುಚಿ, ಅದರ ಮೇಲೆ ಕೂದಲು ಹರವಿ ಮಲಗುವುದು. ಕೆಳಗಿನಿಂದ ಬಿಸಿ ಹೊಗೆ ಏರಿ ಬುಡದಿಂದಲೇ ಎಳೆಗಳು ಮೇಲೇಳುತ್ತಿದ್ದವು. ಈಗ ಪಾರ್ಲರಿನ ಹುಡುಗಿ ತಲೆ ಬಗ್ಗಿಸಿ ಎಂದು ಡ್ರೈಯರ್ ಹಿಡಿದು, “ಮೇಡಂ, ವಾಲ್ಯೂಮ್ ನೋಡಿ” ಎನ್ನುವುದೂ ಇದೇ ಉಪಾಯ. ಸಾಂಬ್ರಾಣಿ ಇಲ್ಲ, ಬಿಲ್ಲು ಇದೆ.

ಆಮೇಲೆ ಹೆಣಿಗೆ. ಮೂರು ಕಾಲಿನ ಜಡೆ ಸಪೂರ ಕೂದಲನ್ನು ಹಗ್ಗ ಮಾಡಿಬಿಡುತ್ತದೆ. ಅತ್ತೆ ಹಾಕುತ್ತಿದ್ದದ್ದು ನಾಲ್ಕು ಕಾಲಿನದು. ಅಷ್ಟೇ ಕೂದಲು ಚಪ್ಪಟೆಯಾಗಿ ಅಗಲವಾಗಿ ಬೆನ್ನಿಗೆ ಹರಡಿಕೊಳ್ಳುತ್ತದೆ. ಹೆಣೆದ ಮೇಲೆ ಅಂಚಿನ ಎಳೆಗಳನ್ನು ಎರಡು ಬೆರಳಲ್ಲಿ ಹಿಡಿದು ಸ್ವಲ್ಪ ಸ್ವಲ್ಪ ಹೊರಗೆಳೆಯುತ್ತಿದ್ದಳು. “ಬಿಗಿ ಹಾಕ್ಬೇಡ ಕಣೇ, ಬಿಗಿ ಹಾಕಿದ್ರೆ ಬಡತನ ಕಾಣ್ಸತ್ತೆ.” ತೀರಾ ಮುಖ್ಯವಾದ ಮದುವೆಗಳಿಗೆ ಚೌರಿ, ಕೊನೆಯಲ್ಲಿ ಕಪ್ಪು ಕುಚ್ಚು.

ಚೌರಿ ಎಂದರೆ ಈಗಿನವರು ಮೂಗು ಮುರಿದು, ಅದನ್ನೇ ಎಕ್ಸ್‌ಟೆನ್ಶನ್ ಎಂದರೆ ಸಾವಿರಗಟ್ಟಲೆ ಕೊಡುತ್ತಾರೆ. ತಲೆ ಬಾಚುವಾಗ ಉದುರಿದ ಕೂದಲನ್ನು ಸುತ್ತಿ ಗೋಡೆಯ ಸಂದಿಯಲ್ಲಿ ಸಿಕ್ಕಿಸಿಡುವುದು, ಸೂಜಿ ಪಿನ್ನು ಬಲೂನು ಹೊತ್ತು ಬರುವವರಿಗೆ ಅದನ್ನು ಕೊಟ್ಟು ಏನಾದರೂ ಕೊಳ್ಳುವುದು, ಇವೆಲ್ಲ ನಮ್ಮ ಬೀದಿಯ ಮಾಮೂಲು ವ್ಯಾಪಾರ. ಹಾಗೆ ಕೂಡಿದ ಉಂಡೆಗಳನ್ನು ಎಳೆ ಎಳೆಯಾಗಿ ಬಿಡಿಸಿ, ತೊಳೆದು, ಉದ್ದದ ಪ್ರಕಾರ ವಿಂಗಡಿಸಿ ಹೊರದೇಶಗಳಿಗೆ ಕಳಿಸುವ ದೊಡ್ಡ ಉದ್ಯಮ ಕೊಪ್ಪಳದ ಮಗ್ಗುಲಿನ ಭಾಗ್ಯನಗರದಲ್ಲಿದೆ. ಆ ಸಿಕ್ಕು ಬಿಡಿಸಿಯೇ ಎಷ್ಟೋ ಹೆಣ್ಣುಮಕ್ಕಳ ಸಂಸಾರ ನಡೆಯುತ್ತದೆ. ತಿರುಮಲದಲ್ಲಿ ಭಕ್ತರು ಕೊಟ್ಟ ಮುಡಿಯೂ ಹರಾಜಾಗಿ ವಿಗ್ಗಾಗುತ್ತದೆ. ನನ್ನ ತಲೆಯಿಂದ ಉದುರಿದ ನಾಲ್ಕು ಎಳೆ ನನಗಿಂತ ಮೊದಲೇ ವಿಮಾನ ಹತ್ತಿ ಯಾರದೋ ತಲೆಯಲ್ಲಿ ದಟ್ಟವಾಗಿ ಕೂತಿರಬಹುದು. ಅವರ ಜಡೆಯನ್ನು ಯಾವ ದೊಡ್ಡಮ್ಮನೂ ಹಿಡಿದು ನೋಡುವುದಿಲ್ಲವೆಂದು ಕಾಣುತ್ತದೆ.

ಹೂವನ್ನು ಮರೆತರೆ ಅತ್ತೆ ಬೈದಾಳು. ಮೈಸೂರು, ಉಡುಪಿ, ಹಡಗಲಿ ಮೂರೂ ಮಲ್ಲಿಗೆಗಳಿಗೆ ಸರ್ಕಾರದ ಭೌಗೋಳಿಕ ಗುರುತು ಸಿಕ್ಕಿದೆ. ನನ್ನ ಪ್ರಕಾರ ತೆಳುಗೂದಲಿನವರ ಸಂಘದಿಂದ ಅವಕ್ಕೊಂದು ಬಿರುದೂ ಸಿಗಬೇಕು. ಒಂದು ಮಾರು ಮಲ್ಲಿಗೆ ಮುಡಿದ ಮೇಲೆ ಅದರ ಹಿಂದೆ ಕೂದಲು ಎಷ್ಟಿದೆಯೆಂದು ನೋಡಿದವರಿಲ್ಲ. ಇನ್ನುಳಿದ ಉಪಾಯಗಳು ಚಿಕ್ಕವು: ವರ್ಷಗಟ್ಟಲೆ ಒಂದೇ ಕಡೆ ತೆಗೆದ ಬೈತಲೆಯನ್ನು ಇನ್ನೊಂದು ಕಡೆಗೆ ಸರಿಸುವುದು, ಸೀಳಿದ ತುದಿಯನ್ನು ಸಮನಾಗಿ ಕತ್ತರಿಸುವುದು, ಅರೆ ಒಣಗಿದ ಕೂದಲನ್ನು ರಾತ್ರಿ ಸಡಿಲವಾಗಿ ಹೆಣೆದು ಮಲಗಿ ಬೆಳಿಗ್ಗೆ ಬಿಚ್ಚುವುದು. ಆ ಅಲೆ ಮಧ್ಯಾಹ್ನದ ಊಟದವರೆಗಂತೂ ಇರುತ್ತದೆ, ಮದುವೆಗೆ ಅಷ್ಟು ಸಾಕು.

ಇದ್ದಕ್ಕಿದ್ದಂತೆ ಹಿಡಿಹಿಡಿಯಾಗಿ ಉದುರುವ ಮಾತು ಬೇರೆ. ಹೆರಿಗೆಯಾಗಿ ಮೂರ್ನಾಲ್ಕು ತಿಂಗಳಿಗೆ ಹಾಗಾದರೆ ಸಾಮಾನ್ಯವಾಗಿ ತಾನೇ ನಿಲ್ಲುತ್ತದೆ. ಇಲ್ಲದಿದ್ದರೆ ರಕ್ತದಲ್ಲಿ ಕಬ್ಬಿಣದ ಅಂಶ ಎಷ್ಟಿದೆ, ಥೈರಾಯ್ಡ್ ಹೇಗಿದೆ ಎಂದು ಡಾಕ್ಟರ ಹತ್ತಿರ ನೋಡಿಸಿಕೊಳ್ಳಿ, ಮೆಂತ್ಯ ದೋಸೆಗಿರಲಿ. ಬರೀ ಅಪ್ಪನ ಮನೆಯ ಕೂದಲಾಗಿದ್ದರೆ, ಮುಂದಿನ ಭಾನುವಾರ ಕುಕ್ಕರ್ ಬಿಟ್ಟು ಪಾತ್ರೆಯಲ್ಲಿ ಅನ್ನಕ್ಕಿಡಿ, ಗಂಜಿ ಬಸಿಯಿರಿ. ಸೀಗೆಪುಡಿ ಜರಡಿ ಹಿಡಿದದ್ದೇ ಕೊಡಿ ಎಂದು ಅಂಗಡಿಯವರಿಗೆ ಒತ್ತಿ ಹೇಳಿ. ನೀರು ಹುಯ್ದುಕೊಳ್ಳುವಾಗ ಯಾರು ಕರೆದರೂ ಕಣ್ಣು ಬಿಡಬೇಡಿ.