ನಾಲೆಯ ದಂಡೆಯಲ್ಲಿ ಸಂಸಾರ: ಬಳಕೆದಾರರ ಕೈಪಿಡಿ

ವೇಲ್ಸ್‌ನ ಲ್ಯಾಂಗೊಲ್ಲೆನ್ ಕಾಲುವೆಯ ದಂಡೆಯಲ್ಲಿ ಕುಟುಂಬ ಸಮೇತ ನಡೆಯಲು ತೀರ್ಮಾನಿಸಿದ ತಮಗೆ ಅಭಿನಂದನೆಗಳು. ಹೊರಡುವ ಮುನ್ನ ಈ ಕೈಪಿಡಿಯನ್ನು ಪೂರ್ತಿ ಓದಿ. ಮಿಕ್ಸಿಯ ಕೈಪಿಡಿಯನ್ನೂ ಓದದವರು ಇದನ್ನು ಓದುತ್ತಾರೆಂಬ ಭ್ರಮೆ ನಮಗಿಲ್ಲ. ಆದರೂ ನಿಯಮದ ಪ್ರಕಾರ ಹೇಳಬೇಕು, ಹೇಳಿದ್ದೇವೆ.

ಪೆಟ್ಟಿಗೆಯಲ್ಲಿ ಏನೇನಿದೆ

ಬೇಸಿಗೆಗೆಂದು ಮಂಡ್ಯ ಕಡೆಯಿಂದ ಬಂದಿಳಿದ ತಾತ ಒಬ್ಬರು. ಅಜ್ಜಿ ಒಬ್ಬರು (ಸೀರೆ, ಸ್ವೆಟರ್, ಮೇಲೆ ಮಗನ ಹಳೇ ಜಾಕೆಟ್, ಕಾಲಿಗೆ ಸ್ಪೋರ್ಟ್ಸ್ ಶೂ). ಮಗ, ಸೊಸೆ, ಮೊಮ್ಮಕ್ಕಳಿಬ್ಬರು. ಪುಳಿಯೋಗರೆ, ಮೊಸರನ್ನ, ಚಕ್ಕುಲಿ ಡಬ್ಬಿ, ಕಾಫಿ ತುಂಬಿದ ಫ್ಲಾಸ್ಕ್. ಕೊಡೆಗಳು ಪ್ರತ್ಯೇಕ, ಅವು ಎಂದಿನಂತೆ ಮನೆಯಲ್ಲೇ ಉಳಿದಿರುತ್ತವೆ.

ಬರ್ಮಿಂಗ್‌ಹ್ಯಾಮ್‌ನಿಂದ ಬೆಳಗ್ಗೆ ಏಳಕ್ಕೆ ಹೊರಡುವುದೆಂದು ಗೊತ್ತುಮಾಡಿ. ಹತ್ತೂವರೆಗೆ ಕಾರು ಹೊರಟರೆ ಉಪಕರಣ ಸುಸ್ಥಿತಿಯಲ್ಲಿದೆ ಎಂದು ತಿಳಿಯಿರಿ.

ದಾರಿಯ ಸ್ವರೂಪ

ಮಂಡಿನೋವಿನವರು ಹೆದರಬೇಕಿಲ್ಲ. ಇದು ದೋಣಿ ಎಳೆಯುವ ಕುದುರೆಗಳಿಗಾಗಿ ಮಾಡಿದ ಹಾದಿ. ಕುದುರೆ ದಂಡೆಯ ಮೇಲೆ ನಡೆಯುತ್ತಿತ್ತು, ಹಗ್ಗದ ತುದಿಗೆ ಕಲ್ಲಿದ್ದಲು, ಸುಣ್ಣಕಲ್ಲು, ಸ್ಲೇಟು, ಕಬ್ಬಿಣ ಹೊತ್ತ ದೋಣಿ ಹಿಂದೆ ತೇಲಿ ಬರುತ್ತಿತ್ತು. ಗ್ಲೆಡ್ರಿಡ್‌ನಿಂದ ಹಾರ್ಸ್‌ಶೂ ಫಾಲ್ಸ್‌ವರೆಗಿನ 18 ಕಿಲೋಮೀಟರನ್ನು ಯುನೆಸ್ಕೋ 2009ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅಷ್ಟುದ್ದದಲ್ಲಿ ದೋಣಿಯನ್ನು ಮೇಲೆತ್ತಿ ಕೆಳಗಿಳಿಸುವ ಒಂದು ಲಾಕ್ ಗೇಟೂ ಇಲ್ಲ. ಗುಡ್ಡ ಅಡ್ಡ ಬಂದರೆ ಕೊರೆದರು, ಕಣಿವೆ ಬಂದರೆ ನೀರನ್ನೇ ಸೇತುವೆ ಹತ್ತಿಸಿದರು. ಹೀಗಾಗಿ ದಾರಿಯಲ್ಲಿ ಏರಿಳಿತವೆಂಬುದೇ ಇಲ್ಲ. ಇರುವ ಏರಿಳಿತಗಳೆಲ್ಲ ಕುಟುಂಬದೊಳಗಿನವು; ಅವಕ್ಕೆ ತಯಾರಕರು ಜವಾಬ್ದಾರರಲ್ಲ.

ಪ್ರತಿ ಸೇತುವೆಗೂ ಒಂದು ನಂಬರಿನ ಫಲಕವಿದೆ. "ಇನ್ನೂ ಎಷ್ಟು ದೂರ ಅಮ್ಮಾ?" ಎಂಬ ಪ್ರಶ್ನೆಗೆ ಮೈಲಿಯಲ್ಲಿ ಉತ್ತರಿಸಬೇಡಿ, ಸೇತುವೆಯಲ್ಲಿ ಉತ್ತರಿಸಿ. ಹಳೇ ಸೇತುವೆಗಳ ಮೂಲೆಯಲ್ಲಿ ಬೆರಳು ಹೂತುಹೋಗುವಷ್ಟು ಆಳದ ಗೀರುಗಳು ಕಂಡರೆ ಮಕ್ಕಳಿಗೆ ತೋರಿಸಿ. ನಮ್ಮೂರ ಬಾವಿಕಟ್ಟೆಯ ಕಲ್ಲನ್ನು ಹಗ್ಗ ಸವೆಸಿದ ಹಾಗೆಯೇ ಇಲ್ಲಿ ದೋಣಿಯ ಹಗ್ಗ ಸವೆಸಿದ್ದು. ಐದು ನಿಮಿಷ ಸದ್ದಿಲ್ಲದೆ ಕಳೆಯುತ್ತದೆ.

ಚಾಲನೆ

ಕಾರನ್ನು ಟ್ರೆವರ್‌ನಲ್ಲಿ ನಿಲ್ಲಿಸಿ, ಮೊದಲು ಪಾಂಟ್‌ಕಸುಲ್ತೆ ಮೇಲ್ಗಾಲುವೆಯನ್ನು ದಾಟಿ ವಾಪಸು ಬನ್ನಿ. ವಿಲಿಯಂ ಜೆಸ್ಸಪ್ ಮತ್ತು ಥಾಮಸ್ ಟೆಲ್ಫರ್ಡ್ ಸೇರಿ 1795ರಲ್ಲಿ ಶುರುಮಾಡಿ 1805ರಲ್ಲಿ ಮುಗಿಸಿದ್ದು. ಡೀ ನದಿಯ ಮೇಲೆ 38 ಮೀಟರ್ ಎತ್ತರದಲ್ಲಿ, 307 ಮೀಟರ್ ಉದ್ದದ ಎರಕದ ಕಬ್ಬಿಣದ ತೊಟ್ಟಿ; ಅದರ ತುಂಬ ನೀರು; ನೀರಿನ ಮೇಲೆ ದೋಣಿ. ನಡೆಯುವವರ ಕಡೆಗೆ ಕಂಬಿಯಿದೆ. ಆಚೆ ಕಡೆ ಏನೂ ಇಲ್ಲ. ಎದುರಿಗೆ ಬಂದ ದೋಣಿಯಲ್ಲಿ ನಿಂತವರ ಬೆನ್ನ ಹಿಂದೆ ನೇರವಾಗಿ ಆಕಾಶವೇ ಇರುತ್ತದೆ.

ಇಲ್ಲಿ ಅಕ್ಕಪಕ್ಕ ಇಬ್ಬರು ನಡೆಯುವಂತಿಲ್ಲ, ಒಬ್ಬರ ಹಿಂದೆ ಒಬ್ಬರು ಸಾಗಬೇಕು. ನಡುಮಧ್ಯೆ ಗ್ರೂಪ್ ಫೋಟೋಗೆ ನಿಂತರೆ ಎರಡೂ ಕಡೆ ಜನ ಸೇರುತ್ತಾರೆ. ಅವರು ಬೈಯುವುದಿಲ್ಲ, ಕ್ಷಮೆ ಕೇಳುತ್ತಾರೆ. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸುತ್ತದೆ.

ತಾಂತ್ರಿಕ ವಿವರಗಳನ್ನು ಕುಟುಂಬಕ್ಕೆ ಒದಗಿಸುವಾಗ ವಿವೇಚನೆ ಇರಲಿ. ಕಬ್ಬಿಣದ ತೊಟ್ಟಿಯ ಸಂದುಗಳು ಸೋರದಂತೆ ಫ್ಲಾನೆಲ್ ಬಟ್ಟೆಯನ್ನು ಕುದಿಸಿದ ಸಕ್ಕರೆಯಲ್ಲಿ ಅದ್ದಿ ತುರುಕಿ, ಮೇಲೆ ಸೀಸ ಮೆತ್ತಿದರು ಎನ್ನುತ್ತಾರೆ. ಇದನ್ನು ಅಜ್ಜಿಗೆ ಧಾರಾಳವಾಗಿ ಹೇಳಿ. "ಒಂದೆಳೆ ಪಾಕವೋ, ಎರಡೆಳೆಯೋ?" ಎಂದು ಕೇಳುತ್ತಾರೆ, ಉಳಿದ ದಾರಿಗೆ ಮಾತು ಸಿಕ್ಕಿತು. ಕಲ್ಲಿನ ಕಂಬಗಳ ಗಾರೆಗೆ ಎತ್ತಿನ ರಕ್ತ ಬೆರೆಸಿದ್ದರು ಎಂಬ ಇನ್ನೊಂದು ಸಂಗತಿಯನ್ನು ಊಟ ಮುಗಿಯುವವರೆಗೆ ಬಾಯಿ ಬಿಡಬೇಡಿ.

ತಾತನ ಪ್ರಶ್ನೆಗಳು

ಈ ಭಾಗವನ್ನು ಎರಡು ಸಲ ಓದಿ.

ಸೇತುವೆ ದಾಟಿದ ಕೂಡಲೇ ತಾತ ಕೈ ಹಿಂದೆ ಕಟ್ಟಿ ನೀರು ನೋಡುತ್ತಾ, "ಈ ನಾಲೆ ಎಷ್ಟ್ ಎಕ್ರೆಗೆ ನೀರುಣ್ಸುತ್ತಪ್ಪ?" ಎಂದು ಕೇಳುತ್ತಾರೆ. ಒಂದು ಎಕರೆಗೂ ಇಲ್ಲ ಎಂದು ಒರಟಾಗಿ ಹೇಳಬೇಡಿ. ಹಾಗೆ ಹೇಳಿದರೆ, "ಮತ್ತ್ಯಾಕೆ ಇಷ್ಟ್ ಖರ್ಚು ಮಾಡಿದ್ರು?" ಎಂಬ ಎರಡನೇ ಪ್ರಶ್ನೆ ಬರುತ್ತದೆ. ಸತ್ಯ ಹೇಳಬೇಕೆಂದರೆ ಅದಕ್ಕೆ ಉತ್ತರ ಕೊಡುವುದು ಕಟ್ಟಿದವರಿಗೂ ಕಷ್ಟವಿತ್ತು. ಮರ್ಸಿ, ಡೀ, ಸೆವರ್ನ್ ಮೂರೂ ನದಿಗಳನ್ನು ಜೋಡಿಸುವ ಕಾಲುವೆ ಇದಾಗಬೇಕಿತ್ತು. ಮೇಲ್ಗಾಲುವೆ ಎದ್ದು ನಿಂತಿತು, ಅಲ್ಲಿಂದ ಉತ್ತರಕ್ಕೆ ಚೆಸ್ಟರ್ ಕಡೆ ಹೋಗಬೇಕಿದ್ದ ದಾರಿ ಮಾತ್ರ ಆಗಲೇ ಇಲ್ಲ. ಅಷ್ಟು ದೊಡ್ಡ ಸೇತುವೆ ದಾಟಿ ಬಂದ ಕಾಲುವೆ ಟ್ರೆವರ್‌ನಲ್ಲಿ ತಟ್ಟನೆ ನಿಂತುಬಿಡುತ್ತದೆ. ನೀವೀಗ ಲ್ಯಾಂಗೊಲ್ಲೆನ್ ಕಡೆ ನಡೆಯಲಿರುವ ಚೆಂದದ ಕವಲು, 1808ರಲ್ಲಿ ಬರೀ ನೀರು ತರಲೆಂದು ತೋಡಿದ ಫೀಡರ್.

ಆ ನೀರೇ ಕಡೆಗೆ ಇದನ್ನು ಕಾಪಾಡಿದ್ದು. 1944ರಲ್ಲಿ ದೋಣಿ ಸಂಚಾರಕ್ಕೆ ಕಾನೂನಿನ ಪ್ರಕಾರ ಕೊನೆ ಹಾಡಿದರೂ, ಕಾಲುವೆಯನ್ನು ಮುಚ್ಚಿಬಿಡಲಾಗಲಿಲ್ಲ. ಡೀ ನದಿಯ ನೀರು ಇದರಲ್ಲೇ ಹರಿದು ಹರ್ಲ್‌ಸ್ಟನ್ ಜಲಾಶಯ ಸೇರಿ ಚೆಷೈರ್ ಸೀಮೆಯ ನಲ್ಲಿಗಳಿಗೆ ಹೋಗುತ್ತದೆ. "ಕುಡಿಯೋ ನೀರು ತಾತ" ಎಂದು ಮೊಮ್ಮಗಳ ಬಾಯಲ್ಲಿ ಹೇಳಿಸಿ. ಪೂರ್ತಿ ಒಪ್ಪದಿದ್ದರೂ ತಲೆಯಾಡಿಸುತ್ತಾರೆ.

ನೀರು ಸೇತುವೆ ದಾಟುವುದು ಹದಿನೇಳನೇ ಶತಮಾನದಲ್ಲೇ ಶ್ರೀರಂಗಪಟ್ಟಣದ ಬಂಗಾರದೊಡ್ಡಿ ನಾಲೆಯಲ್ಲಿ ಆಗಿತ್ತು, ಕಾವೇರಿಯ ಕವಲನ್ನೇ ದಾಟಿತ್ತು ಎಂದು ಅವರು ಹೇಳಿದರೆ ಒಪ್ಪಿಕೊಳ್ಳಿ, ಅದು ನಿಜ. ಚರ್ಕ್ ಊರಿನ 421 ಮೀಟರ್ ಸುರಂಗವನ್ನು ತೋರಿಸಿದರೆ ತಮ್ಮ ಮಂಡ್ಯ ಕಡೆಯ ಹುಲಿಕೆರೆ ನಾಲೆಯ ಸುರಂಗ ಇದಕ್ಕಿಂತ ಎಷ್ಟೋ ಉದ್ದ ಎನ್ನುತ್ತಾರೆ. ಅದೂ ನಿಜ. ವಾದಕ್ಕಿಳಿದ ಮಗನಿಗೆ ಈ ಕೈಪಿಡಿಯಲ್ಲಿ ಪರಿಹಾರವಿಲ್ಲ.

ಕಾಡಿನ ಭಾಗ

ಟ್ರೆವರ್‌ನಿಂದ ಲ್ಯಾಂಗೊಲ್ಲೆನ್‌ಗೆ ಸುಮಾರು 4 ಮೈಲಿ. ಬಹಳಷ್ಟು ಕಡೆ ಮರಗಳು ನೀರಿನ ಮೇಲೆ ಬಾಗಿವೆ. ಏಪ್ರಿಲ್ ಕೊನೆ, ಮೇ ತಿಂಗಳಾದರೆ ಕಾಡಿನ ನೆಲದಲ್ಲಿ ನೀಲಿ ಬ್ಲೂಬೆಲ್ ಹೂಗಳು. ಅಜ್ಜಿಯ ಕೈಯಲ್ಲಿ ಖಾಲಿ ಪ್ಲಾಸ್ಟಿಕ್ ಕವರ್ ಇದೆಯೇ ಎಂದು ಈ ಹಂತದಲ್ಲಿ ಪರೀಕ್ಷಿಸಿ. ಜಯನಗರದ ಕಾಂಪೌಂಡುಗಳಿಂದಾಚೆ ಚಾಚಿದ ದಾಸವಾಳದ ಮೇಲೆ ಬೆಳಗಿನ ವಾಕಿಂಗಿನವರಿಗೆ ಇರುವ ಹಕ್ಕು ಇಲ್ಲಿ ನಡೆಯದು. ಪರರ ಜಾಗದ ಬ್ಲೂಬೆಲ್ ಗಿಡವನ್ನು ಅನುಮತಿಯಿಲ್ಲದೆ ಬೇರುಸಹಿತ ಕೀಳುವುದು 1981ರ ಕಾಯ್ದೆಯ ಪ್ರಕಾರ ಅಪರಾಧ. ದೇವರಿಗೆ ಎಂಬ ಕಾರಣಕ್ಕೆ ವಿನಾಯಿತಿ ಇಲ್ಲ.

ಅದೇ ಹೊತ್ತಿಗೆ ಕಾಡಿನ ನೆರಳಲ್ಲಿ ಬೆಳ್ಳುಳ್ಳಿ ವಾಸನೆ ಬಂದರೆ ಯಾರೂ ಒಗ್ಗರಣೆ ಹಾಕುತ್ತಿಲ್ಲ. ಅದು ಕಾಡು ಬೆಳ್ಳುಳ್ಳಿಯ ಸೊಪ್ಪು. ಪಕ್ಕದಲ್ಲೇ ತುರಿಕೆ ಸೊಪ್ಪೂ ಇರುತ್ತದೆ. ಅಜ್ಜಿ ಅದನ್ನೂ ಸಾರಿಗಾಗುತ್ತದೆಯೇ ಎಂದು ಕೇಳುತ್ತಾರೆ. ಇಲ್ಲಿಯವರು ಅದರ ಸೂಪ್ ಮಾಡುತ್ತಾರೆಂಬುದನ್ನು ಗುಟ್ಟಾಗಿಡಿ.

ದೋಷಗಳು, ಪರಿಹಾರಗಳು

ಬಾತುಕೋಳಿಗಳು ಮುತ್ತಿಗೆ ಹಾಕಿದರೆ: ಬ್ರೆಡ್ ಬೇಡ. ಬಿಳಿ ಅನ್ನ ಸ್ವಲ್ಪ ಹಾಕಬಹುದು, ಪುಳಿಯೋಗರೆ ಹಾಕಬೇಡಿ. ಸೈಕಲ್ ಬೆಲ್ ಕೇಳಿದರೆ: ಎಲ್ಲರೂ ಒಂದೇ ಬದಿಗೆ ಸರಿಯಿರಿ, ಅರ್ಧ ಜನ ಆ ಕಡೆ ಅರ್ಧ ಜನ ಈ ಕಡೆ ಹಾರಿ, ಆಮೇಲೆ ಜಾಗ ಬದಲಿಸುವುದು ಬೇಡ. ಮಗು ಇನ್ನು ನಡೆಯುವುದಿಲ್ಲ ಎಂದು ಕೂತರೆ: ಕಾಲುವೆ ಇಕ್ಕಟ್ಟಾಗುವ ಜಾಗದವರೆಗೆ ಹೇಗಾದರೂ ಸಾಗಿಸಿ. ಅಲ್ಲಿ ಒಂದು ದೋಣಿಗಷ್ಟೇ ಜಾಗ, ಆದ್ದರಿಂದ ಎದುರಿಗೆ ಯಾರಾದರೂ ಬರುತ್ತಿದ್ದಾರೆಯೇ ಎಂದು ನೋಡಲು ಒಬ್ಬರು ದಂಡೆಗೆ ಇಳಿದು ಮುಂದೆ ಓಡುತ್ತಾರೆ. ಯಾವ ದೋಣಿಯಲ್ಲಿ ಗಂಡ ಓಡುತ್ತಾನೆ, ಯಾವುದರಲ್ಲಿ ಹೆಂಡತಿ ಎಂದು ಲೆಕ್ಕ ಹಾಕಲು ಬಿಟ್ಟರೆ ಮಗು ತಾನಾಗಿ ಎದ್ದು ನಡೆಯುತ್ತದೆ.

ಅಜ್ಜಿಗೆ ಕಾಲು ನೋವಾದರೆ ಲ್ಯಾಂಗೊಲ್ಲೆನ್ ದೋಣಿಕಟ್ಟೆಯಲ್ಲಿ ಕುದುರೆ ಎಳೆಯುವ ದೋಣಿ ಇದೆ. 1884ರಿಂದ ಅಲ್ಲಿ ಪ್ರವಾಸಿಗಳನ್ನು ಹೀಗೆ ಕರೆದೊಯ್ಯುತ್ತಿದ್ದಾರೆ. ಕುದುರೆಗೆ ಪಾಪ ಅನ್ನಿಸಿ ಅಜ್ಜಿ ಇಳಿದು ನಡೆಯುತ್ತೇನೆಂದರೆ, ದೋಣಿ ನೀರಲ್ಲಿ ತೇಲುವುದರಿಂದ ಎಳೆಯುವುದು ಜಟಕಾಗಿಂತ ಎಷ್ಟೋ ಹಗುರ ಎಂದು ತಾತನಿಂದ ಹೇಳಿಸಿ.

ಇನ್ನೆರಡು ಮೈಲಿ ಹೋದರೆ ಹಾರ್ಸ್‌ಶೂ ಫಾಲ್ಸ್. ಹೆಸರು ನೋಡಿ ಜೋಗವನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗಬೇಡಿ. ಅದು ಟೆಲ್ಫರ್ಡ್ ನದಿಗೆ ಅಡ್ಡಲಾಗಿ ಕಟ್ಟಿದ, ಬಾಗಿದ 140 ಮೀಟರಿನ ತಗ್ಗು ಅಣೆಕಟ್ಟೆ. ಕಾಲುವೆಯ ನೀರೆಲ್ಲ ಇಲ್ಲಿಂದಲೇ. ಮಕ್ಕಳು ಎರಡು ನಿಮಿಷ ನೋಡಿ ಐಸ್‌ಕ್ರೀಂ ಕೇಳುತ್ತಾರೆ. ತಾತ ಮಾತ್ರ ಮೊದಲ ಬಾರಿಗೆ ಖುಷಿಯಾಗಿ, ತೂಬು ಎಲ್ಲಿ, ನೀರು ಬಿಡುವವರು ಯಾರು, ಕೊನೇ ಭಾಗದವರಿಗೆ ನೀರು ಮುಟ್ಟುತ್ತದೋ ಇಲ್ಲವೋ ಎಂದು ಹುಲ್ಲಿನ ಮೇಲೆ ಕೂತ ಅಪರಿಚಿತರನ್ನು ವಿಚಾರಿಸತೊಡಗುತ್ತಾರೆ. ಅವರನ್ನು ಅವಸರಪಡಿಸಬೇಡಿ. ಟ್ರೆವರ್‌ನಲ್ಲಿ ಪಾರ್ಕಿಂಗ್ ಚೀಟಿಯ ಅವಧಿ ಮುಗಿಯುತ್ತಾ ಬಂದಿರುತ್ತದೆ. ಲ್ಯಾಂಗೊಲ್ಲೆನ್‌ನಿಂದ ಬಸ್ಸಿದೆ, ಮಗನನ್ನು ಕಳಿಸಿ.