ಮೂಗು ನೋಡಿ ತಂದ ಬೆಕ್ಕು

ನಮ್ಮ ಭಾವ ಬ್ಯಾಂಕಿನಿಂದ ನಿವೃತ್ತರಾಗಿ ಚೆನ್ನೈಯ ಟಿ. ನಗರದ ಫ್ಲ್ಯಾಟಿನಲ್ಲಿದ್ದಾರೆ. ಸಾಗರದ ಕಡೆಯವರು. ಊರಲ್ಲಿ ಯಾರ ಮನೆಯ ಮದುವೆ ಗೊತ್ತಾದರೂ ಸೀರೆ ತೆಗೆಯಲು ಒಂದು ತಂಡ ಇವರ ಮನೆಗೆ ಬಂದಿಳಿಯುತ್ತದೆ. ಪನಗಲ್ ಪಾರ್ಕಿನ ಸುತ್ತಲ ಅಂಗಡಿಗಳಲ್ಲಿ ಜರಿಯನ್ನು ಉಗುರಿನಿಂದ ಕೆರೆದು ಅಸಲಿಯೋ ನಕಲಿಯೋ ಹೇಳುವುದು ಭಾವನ ಕೆಲಸ. ಜೊತೆಗೆ ಹುಡುಗನ ಗೋತ್ರ, ಹುಡುಗಿಯ ಅಜ್ಜನ ಮನೆ, ಸೋದರಮಾವನ ನಡತೆ ಎಲ್ಲ ವಿಚಾರಣೆಯಾಗಬೇಕು. ಮೂಲ ಕೇಳದೆ ಬಾಳೆಕಾಯಿಯನ್ನೂ ಕೊಂಡವರಲ್ಲ.

ಇಂಥವರ ಬಳಿ ಮೊಮ್ಮಗಳು ಬೆಕ್ಕು ಬೇಕೆಂದಳು. ಅದೂ ಪರ್ಷಿಯನ್ ಬೆಕ್ಕೇ ಆಗಬೇಕಂತೆ.

ಮಾರುವವನು ಫೋನಿನಲ್ಲಿ ಪಟಗಳನ್ನು ತೋರಿಸಿದ. ಡಾಲ್ ಫೇಸ್, ಸೆಮಿ ಪಂಚ್, ಪಂಚ್ ಫೇಸ್. ಡಾಲ್ ಫೇಸಿಗೆ ಒಂದು ಮೂಗಿರುತ್ತದೆ. ಪಂಚ್ ಫೇಸಿನದು ಓಡಿಬಂದು ಗೋಡೆಗೆ ಗುದ್ದಿಕೊಂಡ ಮುಖ. ಮೂಗು ಕಡಿಮೆಯಾದಷ್ಟೂ ಬೆಲೆ ಹೆಚ್ಚು. ಭಾವ ಕನ್ನಡಕ ತೆಗೆದು ಒರೆಸಿಕೊಂಡರು.

"ಅಲ್ಲ ಮಾರಾಯ, ಮಾಲು ಕಮ್ಮಿ, ದುಡ್ಡು ಜಾಸ್ತಿ! ಇದೆಂತ ವ್ಯಾಪಾರ? ಹೆಣ್ಣು ನೋಡೋದಕ್ಕೆ ಹೋದಾಗಲೂ ನಾವು ಮೊದಲು ಮೂಗು ನೋಡಿದವರು."

ಜಿಪುಣತನ ಕೆಲವೊಮ್ಮೆ ವೈದ್ಯನ ಕೆಲಸ ಮಾಡುತ್ತದೆ. ತೀರಾ ಚಪ್ಪಟೆ ಮುಖದ ಬೆಕ್ಕಿಗೆ ಉಸಿರಾಡುವುದೇ ಕಷ್ಟ, ಕಣ್ಣೀರಿನ ನಾಳ ಸರಿಯಿರದೆ ಸದಾ ಕಣ್ಣು ಸೋರುತ್ತದೆ, ಸೆಕೆಯಂತೂ ತಡೆಯದು. ಇದ್ಯಾವುದೂ ಗೊತ್ತಿಲ್ಲದೆ ಭಾವ "ಮೂಗಿದ್ದದ್ದನ್ನೇ ಕೊಡು" ಎಂದು ಚೌಕಾಸಿ ಮಾಡಿ ಬೂದು ಬಣ್ಣದ ಹೆಣ್ಣುಮರಿ ತಂದರು. ವಂಶಾವಳಿಯ ಕಾಗದವನ್ನು ಎಲ್‌ಐಸಿ ಬಾಂಡುಗಳ ಫೈಲಿಗೆ ಸೇರಿಸಿದರು.

ಮರಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ಆಟೋದಲ್ಲಿ ವೇಪೇರಿಗೆ ಹೊರಟರು. ಅಲ್ಲಿನ ಪಶುವೈದ್ಯ ಕಾಲೇಜು 1903ರದ್ದು. ಹಳೆಯ ಸಂಸ್ಥೆ ಎಂದರೆ ಭಾವನಿಗೆ ಅರ್ಧ ಕಾಯಿಲೆ ವಾಸಿಯಾದಂತೆ. ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ: "ಇದರ ಅಪ್ಪ ಅಮ್ಮನ ಕಿಡ್ನಿ ಪರೀಕ್ಷೆ ಆಗಿದೆಯಾ?" ಪರ್ಷಿಯನ್ ಬೆಕ್ಕುಗಳಲ್ಲಿ ಕಿಡ್ನಿಯ ತುಂಬ ನೀರುಗುಳ್ಳೆ ಏಳುವ ರೋಗ ವಂಶದಲ್ಲೇ ಹರಿಯುತ್ತದೆ. ತಂದೆ ತಾಯಿ ಇಬ್ಬರಲ್ಲಿ ಒಂದಕ್ಕಿದ್ದರೂ ಸರಿಸುಮಾರು ಅರ್ಧ ಮರಿಗಳಿಗೆ ಬರಬಹುದು. ಭಾವ ಪೆಚ್ಚಾದರು. ಮೂವತ್ತು ವರ್ಷ ಊರವರ ಜಾತಕ ಕೂಡಿಸಿದವರಿಗೆ ಕಿಡ್ನಿ ಯಾವ ಮನೆಯಲ್ಲಿ ಬರುತ್ತದೆಂದು ತಿಳಿದಿರಲಿಲ್ಲ. ಸ್ಕ್ಯಾನಿನಲ್ಲಿ ಏನೂ ಇಲ್ಲವೆಂದು ಬಂದ ದಿನ ಮನೆಯಲ್ಲಿ ಪಾಯಸವಾಯಿತು.

ಊಟದ್ದು ಬೇರೆಯೇ ಪೇಚು. ಅಕ್ಕ ಮೊಸರನ್ನ ಕಲಸಿಟ್ಟಳು. ಮರಿ ಅದನ್ನು ಮೂಸಿ, ಮಣ್ಣು ಮುಚ್ಚುವವರ ಹಾಗೆ ನೆಲ ಕೆರೆದು ಹೋಯಿತು. ಮಾಂಸದಲ್ಲಿರುವ ಟಾರಿನ್ ಸಿಗದಿದ್ದರೆ ಬೆಕ್ಕಿನ ಕಣ್ಣು ಹೋಗುತ್ತದೆ, ಹೃದಯ ಸೋಲುತ್ತದೆ. ಹಾಲೂ ಬೇಡ, ದೊಡ್ಡ ಬೆಕ್ಕಿಗೆ ಅದು ಅರಗುವುದಿಲ್ಲ ಎಂದು ಮೊಮ್ಮಗಳು ಪಾಠ ಹೇಳಿದಳು. ಈಗ ಬಾಲ್ಕನಿಯಲ್ಲಿ ಒಂದು ದೊಡ್ಡ ಪ್ಯಾಕೆಟ್ ಇದೆ. ಬಿಸ್ಕತ್ತಿನ ಪೊಟ್ಟಣದ ಅಡಿಬರಹವನ್ನೂ ಬಿಡದ ಭಾವ ಬದುಕಿನಲ್ಲಿ ಓದದೆ ಬಿಟ್ಟ ಮುದ್ರಿತ ವಸ್ತು ಅದೊಂದೇ. "ಅದು ಕಾಳು," ಎನ್ನುತ್ತಾರೆ, ಅಷ್ಟೆ.

ಬೆಳಿಗ್ಗೆ ಸಂಧ್ಯಾವಂದನೆ ಮುಗಿದ ಮೇಲೆ ಬಾಚಣಿಗೆ. ಒಂದು ದಿನ ತಪ್ಪಿದರೂ ಆ ಕೂದಲು ಗಂಟು ಕಟ್ಟುತ್ತದೆ; ಬೆಕ್ಕು ತಾನೇ ನೆಕ್ಕಿ ನುಂಗಿದರೆ ಹೊಟ್ಟೆಯಲ್ಲಿ ಉಂಡೆಯಾಗಿ, ಆಮೇಲೆ ಕಂಬಳಿಯ ಮೇಲೆ ವಾಂತಿ. "ಮಗಳಿಗೆ ಒಂದು ದಿನ ಜಡೆ ಹಾಕದವರು ನೋಡು!" ಎಂದು ಅಕ್ಕ ಅಡುಗೆಮನೆಯಿಂದಲೇ ನನಗೆ ಕೇಳುವಷ್ಟು ಗಟ್ಟಿಯಾಗಿ ಹೇಳುತ್ತಾಳೆ. ನೆಂಟರು ಬಂದರೂ "ಫ್ಯಾನಿದೆಯಲ್ಲ" ಎನ್ನುತ್ತಿದ್ದ ಮನೆಯಲ್ಲಿ, ಮೇ ತಿಂಗಳ ‘ಕತ್ತರಿ ವೆಯಿಲ್’ ಎಂಬ ಸುಡುಬಿಸಿಲಿಗೆ ಈಗ ಹಗಲೆಲ್ಲ ಎಸಿ. ಸೀರೆ ತಂಡದವರು ಬೆಕ್ಕನ್ನು ಮುದ್ದಿಸುವ ನೆಪದಲ್ಲಿ ಅದೇ ಕೋಣೆಯಲ್ಲಿ ಒತ್ತಿಕೊಂಡು ಕೂರುತ್ತಾರೆ. ಏಳುವಾಗ ಹೊಸ ರೇಷ್ಮೆಗೆಲ್ಲ ಬೂದು ಕೂದಲಿನ ಅಂಚು.

ಒಂದು ಸಂಜೆ ಬಾಯಿ ತಡೆಯದೆ ನಾನೇ ಹೇಳಿಬಿಟ್ಟೆ. ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಇಟಲಿಯ ಪ್ರವಾಸಿ 1620ರಲ್ಲಿ ಪರ್ಷಿಯಾದಿಂದ ಬರೆದ ಪತ್ರದಲ್ಲಿ ಖೊರಾಸಾನದ ಈ ರೇಷ್ಮೆಗೂದಲಿನ ಬೆಕ್ಕುಗಳನ್ನು ಹೊಗಳಿ, ಕೆಲವನ್ನು ತನ್ನೂರಿಗೆ ಒಯ್ಯುವ ಆಸೆ ತೋಡಿಕೊಂಡಿದ್ದಾನೆ. ಅದೇ ಮನುಷ್ಯ 1623ರಲ್ಲಿ ಪೋರ್ಚುಗೀಸ್ ರಾಯಭಾರಿಯ ಜೊತೆ ಗೋವೆಯಿಂದ ಹೊರಟು ನಮ್ಮ ಇಕ್ಕೇರಿಗೆ ಬಂದ, ವೆಂಕಟಪ್ಪ ನಾಯಕನನ್ನು ಕಂಡ.

"ಯಾವ ಇಕ್ಕೇರಿ? ಸಾಗರದ್ದಾ?"

ಬೆಕ್ಕನ್ನೂ ತಂದನೆಂದು ನಾನು ಹೇಳಲೇ ಇಲ್ಲ. ಭಾವನಿಗೆ ಅಷ್ಟೇ ಸಾಕಾಯಿತು. ಅಂದಿನಿಂದ ಬಂದವರಿಗೆಲ್ಲ "ಇದು ಪರ್ಷಿಯಾದ್ದೇ ಹೌದು, ಆದ್ರೆ ಇಕ್ಕೇರಿ ಕಡೆಯ ಸಂಬಂಧ" ಎಂದು ಪರಿಚಯ. ಇಂದಿನ ಪರ್ಷಿಯನ್ ಬೆಕ್ಕಿನ ವಂಶವಾಹಿ ಪರೀಕ್ಷಿಸಿದವರು ಅದು ಪರ್ಷಿಯಾಕ್ಕಿಂತ ಪಶ್ಚಿಮ ಯುರೋಪಿನ ಬೆಕ್ಕುಗಳಿಗೇ ಹತ್ತಿರ ಎಂದು ಕಂಡುಕೊಂಡಿದ್ದಾರೆ. ಅದನ್ನು ಮಾತ್ರ ನಾನು ಬಾಯಿಬಿಟ್ಟಿಲ್ಲ. ಎಸಿ ಕೋಣೆಯಲ್ಲಿ ನನಗೂ ಒಂದು ಜಾಗವಿದೆ.

ಈಚೆಗೆ ಬಂದ ತಂಡದಲ್ಲಿ ಮದುಮಗಳ ಅಜ್ಜಿಯೊಬ್ಬರಿದ್ದರು. ಬೆಕ್ಕನ್ನು ಮಡಿಲಿಗೆಳೆದುಕೊಂಡು, ಗದ್ದ ಎತ್ತಿ, ಬೆಳಕಿಗೆ ಹಿಡಿದು ನೋಡಿದರು.

"ಹೌದು ಹೌದು," ಎಂದರು. "ಮೂಗು ನಮ್ಮ ಕಡೇದೇ."