ಹೆಬ್ಬಾತು ಬಂತು, ಲೆನ್ಸ್ ಬರಲಿಲ್ಲ

ಮನೆಯ ಫ್ರಿಜ್ ಕೆಟ್ಟರೆ ಬೀದಿಗೆಲ್ಲ ಕನಿಕರ. ಪಕ್ಕದ ಮನೆಯವರು ಹಾಲಿನ ಪಾತ್ರೆ ತಮ್ಮಲ್ಲಿಟ್ಟುಕೊಳ್ಳುತ್ತಾರೆ, ಎದುರು ಮನೆಯವರು ಮೆಕ್ಯಾನಿಕ್ಕಿನ ನಂಬರು ಕೊಡುತ್ತಾರೆ. ಮಿಕ್ಸಿ ಕೆಟ್ಟರಂತೂ ಚಟ್ನಿಯೇ ಎರಡು ಮನೆ ದಾಟಿ ಬರುತ್ತದೆ. ಹವ್ಯಾಸದ ಸಾಮಾನು ಕೆಟ್ಟರೆ ಮಾತ್ರ ‘ಓ, ಹೌದಾ’ ಅನ್ನುವುದರಾಚೆ ಯಾರ ಬಾಯಿಂದಲೂ ಏನೂ ಹೊರಡುವುದಿಲ್ಲ. ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಗೊರಗೊರ ಅನ್ನತೊಡಗಿದವರು, ಟೆಲಿಸ್ಕೋಪಿನ ಸ್ಟ್ಯಾಂಡು ಅಲ್ಲಾಡತೊಡಗಿದವರು, ಹದಿನೆಂಟು ಗೇರಿನ ಸೈಕಲ್ಲು ಒಂದೇ ಗೇರಿನಲ್ಲಿ ಹಟ ಹಿಡಿದು ಕೂತವರು, ಎಲ್ಲರದೂ ಒಂಟಿ ದುಃಖ. ‘ಅದಿಲ್ಲದಿದ್ದರೆ ಊಟ ಆಗಲ್ವಾ?’ ಎಂದು ಕೇಳಿದರೆ ಆಗುತ್ತದೆ ಎಂದೇ ಹೇಳಬೇಕು.

ನನ್ನದು ಹಕ್ಕಿಗಳ ಫೋಟೊ ತೆಗೆಯುವ ಹುಚ್ಚು. ಅದಕ್ಕೆಂದು ಕೊಂಡದ್ದು 150-600 ಮಿ.ಮೀ. ಜೂಮ್ ಲೆನ್ಸ್. ತೂಕ ಹತ್ತಿರಹತ್ತಿರ ಎರಡು ಕಿಲೋ. ಬೆಲೆಯನ್ನು ಮನೆಯಲ್ಲಿ ಸ್ವಲ್ಪ ರಿಯಾಯಿತಿ ಕಳೆದೇ ಹೇಳಿದ್ದೆ. ಕಂಪನಿಯ ವಾರಂಟಿಯ ಜೊತೆಗೆ ಪ್ರತ್ಯೇಕ ದುಡ್ಡು ತೆತ್ತು ಅವಧಿಯನ್ನು ಮೂರು ವರ್ಷಕ್ಕೆ ಎಳೆದದ್ದೂ ಆಯಿತು. ಒಂದು ವರ್ಷ ಲಕ್ಷಣವಾಗಿದ್ದ ಲೆನ್ಸಿನ ಆಟೋಫೋಕಸ್ ಮೋಟಾರಿಗೆ ಆಮೇಲೆ ಏನಾಯಿತೋ, ಕುಕ್ಕರಹಳ್ಳಿ ಕೆರೆಯ ಹೆಜ್ಜಾರ್ಲೆಯ ಮೇಲೆ ಗುರಿಯಿಟ್ಟರೆ ಹಿಂದಿನ ಜೊಂಡನ್ನು ಹಿಡಿಯಿತು. ಜೊಂಡಿಗೆ ಗುರಿಯಿಟ್ಟರೆ ಆಚೆ ದಡದಲ್ಲಿ ವಾಕಿಂಗ್ ಮಾಡುವವರನ್ನು ಹಿಡಿಯಿತು. ಕೊನೆಗೆ ಏನನ್ನೂ ಹಿಡಿಯದೆ ಹಿಂದಕ್ಕೂ ಮುಂದಕ್ಕೂ ಗಿರಗಿರ ಅನ್ನುತ್ತ ಹುಡುಕುವುದನ್ನೇ ಕಸುಬು ಮಾಡಿಕೊಂಡಿತು.

ವಾರಂಟಿ ಕಾರ್ಡನ್ನು ಕೊಳ್ಳುವಾಗ ಯಾರೂ ಓದುವುದಿಲ್ಲ, ಕೆಟ್ಟಾಗ ಓದುತ್ತಾರೆ. ನಾನೂ ಭೂತಗನ್ನಡಿ ಹಿಡಿದು ಓದಿದೆ. ಬಿದ್ದರೆ ಇಲ್ಲ, ನೆಂದರೆ ಇಲ್ಲ, ಧೂಳು ಹೊಕ್ಕರೆ ಇಲ್ಲ, ಬೂಸ್ಟು ಬಂದರೆ ಇಲ್ಲ, ಸಹಜವಾಗಿ ಸವೆದರೆ ಇಲ್ಲ. ಕೊನೆಯಲ್ಲಿ, ದೇವರ ಕೃತ್ಯಗಳಿಂದಾದ ಹಾನಿಗೆ ನಾವು ಹೊಣೆಯಲ್ಲ ಎಂಬ ಸಾಲು. ನಮ್ಮ ವಿಧಾನಸೌಧದ ಮೇಲೆ ಸರ್ಕಾರದ ಕೆಲಸ ದೇವರ ಕೆಲಸ ಎಂದು ಕೆತ್ತಿದೆ. ಕಂಪನಿಯವರ ಪ್ರಕಾರ ದೇವರ ಕೆಲಸಕ್ಕೆ ವಾರಂಟಿಯೇ ಇಲ್ಲ. ಎರಡನ್ನೂ ಒಟ್ಟಿಗಿಟ್ಟು ನೋಡಿದರೆ ನಾಗರಿಕನ ಸ್ಥಿತಿ ಚೆನ್ನಾಗಿ ಅರ್ಥವಾಗುತ್ತದೆ.

ಅದೃಷ್ಟಕ್ಕೆ ಮೋಟಾರು ಯಾವ ದೇವರ ಖಾತೆಗೂ ಸೇರಿರಲಿಲ್ಲ. ಮೈಸೂರಿನ ಸರ್ವೀಸ್ ಸೆಂಟರಿಗೆ ಹೋದೆ. ಅಲ್ಲಿ ಸರ್ವೀಸ್ ಇರಲಿಲ್ಲ, ಸೆಂಟರ್ ಇತ್ತು. ಏಸಿ, ಸೋಫಾ, ಟೋಕನ್ ಯಂತ್ರ, ಕಂಪ್ಯೂಟರಿನ ಹಿಂದೆ ಕುತ್ತಿಗೆಗೆ ಟ್ಯಾಗು ಹಾಕಿಕೊಂಡ ಹುಡುಗ. ಒಂದು ಸ್ಕ್ರೂಡ್ರೈವರ್ ಕಣ್ಣಿಗೆ ಬೀಳುತ್ತದೇನೋ ಎಂದು ಎಲ್ಲ ಕಡೆ ನೋಡಿದೆ.

“ಇದು ಕಲೆಕ್ಷನ್ ಪಾಯಿಂಟ್ ಸಾರ್. ಬೆಂಗಳೂರಿಗೆ ಹೋಗುತ್ತೆ, ಅಲ್ಲಿಂದ ದಿಲ್ಲಿ ಕಡೆಗೆ ಹೋಗುತ್ತೆ.”

“ಎಷ್ಟು ದಿನ ಆಗಬಹುದಪ್ಪಾ?”

“ಪಾರ್ಟ್ ಬಂದ್ರೆ ಬೇಗ ಆಗುತ್ತೆ ಸಾರ್.”

“ಪಾರ್ಟ್ ಎಲ್ಲಿಂದ ಬರಬೇಕು?”

ಹುಡುಗ ಸೂರಿನ ಕಡೆ ಕೈ ಮಾಡಿ, “ಮೇಲಿಂದ ಸಾರ್” ಅಂದ. ದೇವರ ಕೃತ್ಯದ ಸಾಲು ಆಗ ನನಗೆ ಇನ್ನಷ್ಟು ಸ್ಪಷ್ಟವಾಯಿತು.

ಅದು ದೀಪಾವಳಿ ಕಳೆದ ಸಮಯ. ಆ ಹೊತ್ತಿಗೆ ಮಂಗೋಲಿಯಾ, ಟಿಬೆಟ್ ಕಡೆಯ ಪಟ್ಟೆತಲೆ ಹೆಬ್ಬಾತುಗಳು ಚಳಿ ತಪ್ಪಿಸಿಕೊಳ್ಳಲು ದಕ್ಷಿಣಕ್ಕೆ ಹೊರಡುತ್ತವೆ. ಹಿಮಾಲಯವನ್ನು ಹಾರಿಯೇ ದಾಟುವ ಹಕ್ಕಿಗಳಿವು. ಏಳು ಸಾವಿರ ಮೀಟರಿಗೂ ಎತ್ತರದಲ್ಲಿ ಹಾರಿದ ದಾಖಲೆ ಇದೆ. ಅವುಗಳಲ್ಲಿ ಒಂದಷ್ಟು ನಮ್ಮ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಬಂದಿಳಿಯುತ್ತವೆ. ರಾತ್ರಿ ಸುತ್ತಲ ಹೊಲಗಳಲ್ಲಿ ಮೇದು, ಹಗಲೆಲ್ಲ ನೀರಿನ ಮೇಲೆ ತೂಕಡಿಸುತ್ತವೆ. ನಾನು ವರ್ಷವಿಡೀ ಕಾಯುವುದು ಈ ಅತಿಥಿಗಳಿಗೆ.

ಲೆನ್ಸ್ ಇಲ್ಲದ ನಾನು ಬೆಳಗಿನ ಹೊತ್ತು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಮ್ಮ ವಾಕಿಂಗ್ ಬಳಗದ ಪೂರ್ಣಾವಧಿ ಸದಸ್ಯನಾದೆ. ಕುವೆಂಪು ನಡೆದಾಡಿದ ದಡವದು. ಈಗ ಅಲ್ಲಿ ಸಕ್ಕರೆ ಕಾಯಿಲೆ, ಸೊಸೆ ಮತ್ತು ದೇಶದ ಭವಿಷ್ಯ ನಡೆದಾಡುತ್ತವೆ. ಬಳಗದ ಹಿರಿಯರೊಬ್ಬರು ನೀರಾವರಿ ಇಲಾಖೆಯ ನಿವೃತ್ತ ಎಂಜಿನಿಯರರು. ನನ್ನ ಲೆನ್ಸಿನ ಕಥೆ ಕೇಳಿದ ಕೂಡಲೇ ತೀರ್ಪು ಕೊಟ್ಟರು.

“ನೋಡಿ ಸ್ವಾಮಿ, ನಮ್ಮ ಜನಕ್ಕೆ ಮೈ ಬಗ್ಗಲ್ಲ. ನಾರಾಯಣಮೂರ್ತಿಗಳು ಸುಮ್ಮನೆ ಹೇಳಿದ್ರಾ?”

ಇನ್ಫೊಸಿಸ್ಸಿನ ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದದ್ದು 2023ರ ಅಕ್ಟೋಬರಿನಲ್ಲಿ. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ ಅವರ ಮಾತು ಹೊರಬಿತ್ತು. ಅವರದು 90 ಗಂಟೆ, ಭಾನುವಾರವೂ ಸೇರಿ. ಮನೆಯಲ್ಲಿ ಕೂತು ಎಷ್ಟು ಹೊತ್ತು ಹೆಂಡತಿಯ ಮುಖ ನೋಡುತ್ತೀರಿ ಎಂಬ ಪ್ರಶ್ನೆಯೂ ಅದರಲ್ಲಿತ್ತು. ನಡುವೆ 2024ರಲ್ಲಿ ನಮ್ಮ ರಾಜ್ಯದಲ್ಲೇ ಐಟಿಯವರ ದಿನದ ಕೆಲಸವನ್ನು 14 ಗಂಟೆಯವರೆಗೆ ಹಿಗ್ಗಿಸುವ ಪ್ರಸ್ತಾಪವೆದ್ದು, ನೌಕರರ ಸಂಘದವರು ಬೀದಿಗಿಳಿದರು. 1948ರ ಕಾರ್ಖಾನೆ ಕಾಯ್ದೆ ವಾರಕ್ಕೆ 48 ಗಂಟೆ ಅಂದಿತ್ತು. ಗಂಟೆಗಳು ಏರಿದ ವೇಗ ನೋಡಿದರೆ ವಾರದ 168ಕ್ಕೆ ಯಾರಾದರೊಬ್ಬರು ಸದ್ಯದಲ್ಲೇ ಕೈಹಾಕುತ್ತಾರೆ ಅನ್ನಿಸುತ್ತದೆ.

ಎಂಜಿನಿಯರರ ಎರಡನೆಯ ಬಾಣ ನನ್ನ ಮೇಲೇ ಬಂತು. “ಹಕ್ಕಿ ನೋಡ್ಕೊಂಡು ಕೂರೋದೂ ಸೋಮಾರಿತನವೇ.”

ಇದಕ್ಕೆ ನನ್ನಲ್ಲಿ ಉತ್ತರವಿತ್ತು. ದೇವರಾಜ ಅರಸರ ಸಂಪುಟದಲ್ಲಿ ಹಣಕಾಸು ಸಚಿವರಾಗಿದ್ದ ಸಂಡೂರಿನ ಎಂ.ವೈ. ಘೋರ್ಪಡೆಯವರು ದೊಡ್ಡ ವನ್ಯಜೀವಿ ಛಾಯಾಗ್ರಾಹಕರು. ರಾಜ್ಯದ ಬಜೆಟ್ಟು ಮಂಡಿಸಿದ ಕೈಯೇ ಕಾಡಿನಲ್ಲಿ ಕ್ಯಾಮೆರಾ ಹಿಡಿದು ಕಾದದ್ದು. ಮೂಡಿಗೆರೆಯ ತೇಜಸ್ವಿ ಕಾಫಿ ತೋಟ ನೋಡಿದರು, ಕಾದಂಬರಿ ಬರೆದರು, ಹಕ್ಕಿಗಳ ಫೋಟೊ ತೆಗೆದರು, ಗಾಳ ಹಾಕಿ ಮೀನೂ ಹಿಡಿದರು. ಇವರ ಗಂಟೆಗಳನ್ನು ಯಾವ ರಿಜಿಸ್ಟರಿನಲ್ಲಿ ಬರೆಯುತ್ತೀರಿ ಎಂದು ಕೇಳಿದೆ. “ಅವರು ದೊಡ್ಡವರು ಬಿಡಿ” ಎಂದು ಎಂಜಿನಿಯರರು ಹೆಜ್ಜೆ ಜೋರು ಮಾಡಿದರು. ನೀವು ಚಿಕ್ಕವರು ಎಂಬ ಅರ್ಧವನ್ನು ನನ್ನ ಊಹೆಗೆ ಬಿಟ್ಟರು.

ಮನೆಯಲ್ಲಿ ಈ ಚರ್ಚೆಯ ವರದಿ ಒಪ್ಪಿಸಿದಾಗ ಹೆಂಡತಿ ನಕ್ಕಳು. “ರೀ, ಇಷ್ಟು ವರ್ಷ ಭಾನುವಾರ ನೀವು ನೋಡಿದ್ದು ಬಾತುಕೋಳಿ ಮುಖ. ಈಗ ಲೆನ್ಸ್ ಹೋದಮೇಲೆ ತರಕಾರಿ ತರ್ತಿದೀರಿ, ಅಟ್ಟ ಗುಡಿಸಿದೀರಿ. ಆ ಕಂಪನಿಯೋರು ಇನ್ನಷ್ಟು ನಿಧಾನ ಮಾಡ್ಲಿ.” ಇಡೀ ಪ್ರಕರಣದಲ್ಲಿ ಕಂಪನಿಯ ಸೇವೆಗೆ ಸಿಕ್ಕ ಏಕೈಕ ಪ್ರಶಂಸೆ ಇದು.

ಇಷ್ಟರಲ್ಲಿ ಮೊಬೈಲಿಗೆ ಸಂದೇಶ ಬಂತು: ನಿಮ್ಮ ದೂರು ಯಶಸ್ವಿಯಾಗಿ ಪರಿಹಾರವಾಗಿದೆ, ದಯವಿಟ್ಟು ರೇಟಿಂಗ್ ಕೊಡಿ. ಲೆನ್ಸ್ ಬಂದೇ ಬಿಟ್ಟಿತೆಂದು ಓಡಿದೆ. ಹುಡುಗ ಒಬ್ಬನೇ ಇದ್ದ, ಮಧ್ಯಾಹ್ನ ಮೂರೂವರೆಯಲ್ಲಿ ಕಂಪ್ಯೂಟರಿನ ಪಕ್ಕದಲ್ಲೇ ಚಿತ್ರಾನ್ನದ ಡಬ್ಬಿ ತೆರೆದಿಟ್ಟುಕೊಂಡು.

“ಲೆನ್ಸ್ ಬಂದಿಲ್ಲ ಸಾರ್. ಟಿಕೆಟ್ ಕ್ಲೋಸ್ ಆಗಿದೆ. ಇಷ್ಟು ದಿನದೊಳಗೆ ಕ್ಲೋಸ್ ಮಾಡದಿದ್ರೆ ನಮಗೆ ಬೈತಾರೆ. ಮತ್ತೆ ಹೊಸ ಟಿಕೆಟ್ ಓಪನ್ ಮಾಡ್ತೀನಿ. ಒಂದು ಐದು ಸ್ಟಾರ್ ಕೊಟ್ಬಿಡಿ ಸಾರ್, ನಾಲ್ಕು ಕೊಟ್ರೂ ಇನ್ಸೆಂಟಿವ್ ಹೋಗುತ್ತೆ.”

ಮಾತಿಗೆ ಕೂತೆ. ಚಾಮರಾಜನಗರದ ಕಡೆಯವನು, ಡಿಪ್ಲೊಮಾ ಎಲೆಕ್ಟ್ರಾನಿಕ್ಸ್ ಮಾಡಿದ್ದಾನೆ. ಬೆಳಿಗ್ಗೆ ಒಂಬತ್ತಕ್ಕೆ ಶಟರ್ ಎತ್ತಿದರೆ ರಾತ್ರಿ ಎಂಟಕ್ಕೆ ಇಳಿಸುವುದು, ವಾರಕ್ಕೆ ಆರು ದಿನ. ಆಮೇಲೆ ಅರ್ಧ ಗಂಟೆ ಆ ದಿನದ ವರದಿ ತುಂಬಬೇಕು. ಲೆಕ್ಕ ಹಾಕಿದೆ. ನಾರಾಯಣಮೂರ್ತಿಯವರ 70ಕ್ಕೆ ಒಂದೇ ಗಂಟೆ ಕಡಿಮೆ. ಸಾಮಾನು ಬಿಚ್ಚಿ ನೋಡುವುದಕ್ಕೆ ಮಾತ್ರ ಅವನಿಗೆ ಅನುಮತಿ ಇಲ್ಲ. ಕಲಿತ ವಿದ್ಯೆ ಮರೆಯದಿರಲಿ ಎಂದು ಮನೆಯಲ್ಲಿ ಹಳೇ ರೇಡಿಯೊ ಬಿಚ್ಚಿ ಜೋಡಿಸುತ್ತಾನಂತೆ. ಅದು ಅವನ ಹವ್ಯಾಸ. ಐದು ಸ್ಟಾರ್ ಕೊಟ್ಟು ಬಂದೆ.

ಸಂಕ್ರಾಂತಿಗೆ ಬಂದ ಸೋದರಳಿಯ ಕಥೆಯ ಇನ್ನೊಂದು ತುದಿ ಬಿಚ್ಚಿದ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ಎಳ್ಳುಬೆಲ್ಲ ತಿನ್ನುವಾಗಲೂ ಲ್ಯಾಪ್‌ಟಾಪ್ ತೊಡೆಯ ಮೇಲೆ. ಏನಪ್ಪಾ ಅಂಥ ಕೆಲಸ ಎಂದರೆ, “ಮಾವ, ಕಸ್ಟಮರ್ ದೂರುಗಳನ್ನ ಹ್ಯಾಂಡಲ್ ಮಾಡೋ ಸಿಸ್ಟಮ್. ಗಡುವು ಮೀರಿದ ಟಿಕೆಟ್ ತಾನಾಗೇ ಕ್ಲೋಸ್ ಆಗೋ ಹಾಗೆ ಮಾಡ್ತಿದೀವಿ” ಅಂದ. ನನ್ನ ಕಂಪನಿಯದಲ್ಲವಂತೆ, ಇನ್ಯಾವುದೋ ದೇಶದ ವಾಷಿಂಗ್ ಮೆಷಿನ್ನಿನವರದು. ಆದರೂ ರಾತ್ರಿ ಎರಡರವರೆಗೆ ನಿದ್ದೆಗೆಟ್ಟು, ಯಾರದೋ ಬಟ್ಟೆ ಒಗೆಯದ ಯಂತ್ರದ ದೂರು ತಂತಾನೇ ಮಾಯವಾಗುವಂತೆ ಮಾಡುವವನು ನಮ್ಮ ಮನೆಯ ಹುಡುಗನೇ.

ಹೀಗಾಗಿ ಎಂಜಿನಿಯರರ ಸಿದ್ಧಾಂತವನ್ನು ನಾನು ಒಪ್ಪಲಾರೆ. ನನ್ನ ಲೆನ್ಸಿಗಾಗಿ ಜನ ದುಡಿದದ್ದೇ ದುಡಿದದ್ದು. ಕೌಂಟರಿನ ಹುಡುಗ ದುಡಿದ. ‘ನಿಮ್ಮ ಕರೆ ನಮಗೆ ಅಮೂಲ್ಯ’ ಎಂದು ನನ್ನನ್ನು ಕಾಯಿಸಿದ ಕಾಲ್ ಸೆಂಟರಿನ ಹುಡುಗಿ ದುಡಿದಳು. ಕೊರಿಯರಿನವನು ದುಡಿದ. ಸೇವೆ ಹೇಗಿತ್ತೆಂದು ಕೇಳಲು ಭಾನುವಾರ ಫೋನ್ ಮಾಡಿದವನೂ ದುಡಿದ, ಪಾಪ, ಅವನಿಗೂ ಹೆಂಡತಿ ಇರಬಹುದು. ಸೋಮಾರಿಗಳು ಈ ಸಾಲಿನಲ್ಲಿ ಯಾರೂ ಇಲ್ಲ. ಇಷ್ಟು ಜನರ ಬೆವರಿನ ನಡುವೆ ಲೆನ್ಸನ್ನು ಬಿಚ್ಚಿ ನೋಡುವ ಕೆಲಸವೊಂದು ಯಾರ ಪಾಲಿಗೂ ಹಂಚಿಕೆಯಾಗಿರಲಿಲ್ಲ.

ಅದಕ್ಕೆ ಸಾಕ್ಷಿ ಬಂದದ್ದು ಶಿವರಾತ್ರಿ ಮುಗಿದ ಮೇಲೆ, ಲೆನ್ಸಿನ ಜೊತೆಗೇ. ಹದಿನಾರು ಕೆರೆಯ ಹೆಬ್ಬಾತುಗಳು ಅಷ್ಟರಲ್ಲಿ ತಿಂದುಂಡು, ಮೈ ತುಂಬಿಕೊಂಡು, ಉತ್ತರಕ್ಕೆ ಹೊರಟಾಗಿತ್ತು. ಮಂಗೋಲಿಯಾದ ಹಕ್ಕಿ ಹಿಮಾಲಯ ದಾಟಿ ಬಂದು ವಾಪಸು ಹೊರಡುವಷ್ಟು ಕಾಲ ನನ್ನ ಲೆನ್ಸಿಗೆ ದಿಲ್ಲಿಯಿಂದ ಬರಲು ಬೇಕಾಯಿತು. ಪೆಟ್ಟಿಗೆ ಒಡೆದರೆ ನಾನು ಸುತ್ತಿಕೊಟ್ಟಿದ್ದ ದಿನಪತ್ರಿಕೆಯ ಹಾಳೆ ಹಾಗೇ ಇತ್ತು. ಅದರ ಮೇಲೆ ನನ್ನ ಹೆಂಡತಿ ಹಾಕಿದ್ದ ಗಂಟೂ ಹಾಗೇ ಇತ್ತು. ಅವಳ ಗಂಟು ಲೋಕದಲ್ಲಿ ಇನ್ಯಾರಿಗೂ ಬರುವುದಿಲ್ಲ. ಜೊತೆಗೊಂದು ಚೀಟಿ: ಪರಿಶೀಲಿಸಲಾಗಿದೆ, ದೋಷ ಕಂಡುಬಂದಿಲ್ಲ.

ದೇವರಾಜ ಅರಸು ರಸ್ತೆಯ ಹಿಂದಿನ ಓಣಿಯಲ್ಲಿ ಹಳೆಯ ರಿಪೇರಿಯವರೊಬ್ಬರಿದ್ದಾರೆ. ಯಾಶಿಕಾ, ಜೆನಿತ್ ಕಾಲದಿಂದ ಕೂತವರು. ಲೆನ್ಸನ್ನು ಕಿವಿಗೆ ಹಿಡಿದು ಮೋಟಾರಿನ ಸದ್ದು ಕೇಳಿದರು. “ಅರ್ಧ ದಿನದ ಕೆಲಸ” ಅಂದರು. ನಾನು ಕೂರಲು ಸ್ಟೂಲು ಎಳೆದುಕೊಂಡೆ. ಅವರು ಕೇಳಿದರು: “ವಾರಂಟಿ ಇದೆಯಾ?”

“ಇದೆ, ಇನ್ನೂ ಒಂದು ವರ್ಷದ ಮೇಲಿದೆ” ಎಂದು ಹೆಮ್ಮೆಯಿಂದ ಹೇಳಿದೆ.

ಲೆನ್ಸನ್ನು ವಾಪಸು ಕೈಗಿಟ್ಟರು. “ನಾನು ಒಂದು ಸ್ಕ್ರೂ ಮುಟ್ಟಿದ್ರೂ ವಾರಂಟಿ ಹೋಗುತ್ತೆ ಸಾರ್. ಅದು ಮುಗೀಲಿ, ಆಮೇಲೆ ತನ್ನಿ, ಮಾಡ್ಕೊಡ್ತೀನಿ.”

ಅಂದರೆ ಲೆನ್ಸ್ ಸರಿಯಾಗಬಾರದೆಂದು ನಾನು ಎರಡು ಸಲ ದುಡ್ಡು ಕೊಟ್ಟಿದ್ದೇನೆ, ಒಮ್ಮೆ ಲೆನ್ಸಿನ ಬೆಲೆಯೊಳಗೆ, ಇನ್ನೊಮ್ಮೆ ಅವಧಿ ಎಳೆಯಲು.

ದುಡಿಮೆಯ ಮಾತು ಬಂದಾಗಲೆಲ್ಲ ನಮ್ಮ ಬಳಗದಲ್ಲಿ ಕಾಯಕದ ಪ್ರಸ್ತಾಪ ಬರುತ್ತದೆ, ಶರಣ ಆಯ್ದಕ್ಕಿ ಮಾರಯ್ಯನ ಹೆಸರು ಬರುತ್ತದೆ. ಅವನ ಹೆಂಡತಿ ಲಕ್ಕಮ್ಮನ ಹೆಸರು ಯಾರೂ ಎತ್ತುವುದಿಲ್ಲ. ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ನಮಗೆ ಬೇಕಾದಷ್ಟು ಸಾಕು, ಉಳಿದದ್ದನ್ನು ಅಲ್ಲೇ ಸುರಿದು ಬಾ ಎಂದು ತಿರುಗಿ ಕಳಿಸಿದವಳು ಅವಳು. ಎಷ್ಟು ಹೊತ್ತು ಆಯ್ದೆ ಎಂದು ಅವಳು ಕೇಳಲಿಲ್ಲ. ಕೂಲಿಗೆ ಮೀರಿ ತಂದೆಯಲ್ಲ, ಅದು ಯಾರದು ಎಂದಳು. ವಾರಂಟಿಯ ಹೆಸರಿನಲ್ಲಿ ದುಡ್ಡು ತೆಗೆದುಕೊಂಡು ರಿಪೇರಿ ಮಾಡದ ಕಂಪನಿಯ ಆಡಳಿತ ಮಂಡಳಿಯಲ್ಲಿ ಒಬ್ಬಳಾದರೂ ಲಕ್ಕಮ್ಮ ಇರಬೇಕಿತ್ತು.

ಕೊನೆಗೆ ದಾರಿ ತೋರಿಸಿದವರು ಅದೇ ಎಂಜಿನಿಯರರು. ಬೈಯುವುದರಲ್ಲಿ ಮುಂದಿದ್ದ ಹಾಗೆ ಕಾಯ್ದೆಯಲ್ಲೂ ಮುಂದಿದ್ದಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಇದು ಸೇವಾ ನ್ಯೂನತೆ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರಿಲ್ಲದೆ ನಾವೇ ವಾದಿಸಬಹುದು, ಆದರೆ ಎರಡು ವರ್ಷದೊಳಗೆ ಹೋಗಬೇಕು. ದೂರು ಬರೆದು ಸಿದ್ಧಮಾಡಿ ಬಿಲ್ಲು ಹುಡುಕಿದರೆ, ಆ ನುಣುಪು ಕಾಗದದ ಮೇಲಿನ ಅಕ್ಷರಗಳು ಮಾಸಿ ಬೆಳ್ಳಗಾಗಿದ್ದವು. ಹೆಂಡತಿ ಬೀರುವಿನಿಂದ ಜೆರಾಕ್ಸ್ ತೆಗೆದುಕೊಟ್ಟಳು. ಕೊಂಡ ವಾರವೇ ಮಾಡಿಸಿಟ್ಟಿದ್ದಳಂತೆ. ಲೆನ್ಸಿನ ನಿಜವಾದ ಬೆಲೆ ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು.

ಆದ್ದರಿಂದ ಓದುಗರೇ, ನಿಮ್ಮ ಹವ್ಯಾಸ ಯಾವುದೇ ಇರಲಿ, ಅಂಗಡಿಯಿಂದ ಬರುವಾಗ ದಾರಿಯಲ್ಲೇ ಬಿಲ್ಲಿನ ಜೆರಾಕ್ಸ್ ಮಾಡಿಸಿ. ಎರಡು ಪ್ರತಿ ಮಾಡಿಸಿ. ಒಂದನ್ನು ಮನೆಯವರೇ ತೆಗೆದಿಟ್ಟುಕೊಳ್ಳುತ್ತಾರೆ.